ಯಾವ ದಸರೆಗೆ ಕೀಲಿ?

ಶಾರ್ಟ್ ಸರ್ವಿಸ್ ಕಮಿಷನ್ ಅಧಿಕಾರಿಗೆ ಸೇನೆಯಲ್ಲಿ ಸಿಗುವುದು 10 ವರ್ಷ. ವಿಸ್ತರಣೆ ಸಿಕ್ಕರೆ ಇನ್ನೂ 4. ಪಿಂಚಣಿ ಇಲ್ಲ. ಸಿಕಂದರಾಬಾದ್‌ನಲ್ಲಿ ನಾನು ಸಮವಸ್ತ್ರ ಕಳಚಿದಾಗ ವಯಸ್ಸು 38. ಕೊಡಗಿಗೆ ಮರಳೋಣವೆಂದರೆ ನಮಗೆ ಕಾಫಿ ತೋಟವಿಲ್ಲ. ಹೈದರಾಬಾದ್‌ನ ಬಿಲ್ಡರ್ ಕಂಪನಿಯೊಂದನ್ನು ಸೇರಿದೆ. ಗಚ್ಚಿಬೌಲಿಯಲ್ಲಿ ಫ್ಲ್ಯಾಟ್ ಮಾರುವ ತಂಡದ ಹೊಣೆ ನನ್ನದಾಯಿತು.

ಸೇನೆಯಲ್ಲಿ ಆರು ಗಂಟೆ ಎಂದರೆ ಐದು ಐವತ್ತೈದಕ್ಕೇ ಹಾಜರು. ಇಲ್ಲಿ 'ದಸರೆಗೆ ಕೀಲಿ' ಎಂದರೆ ಯಾವ ವರ್ಷದ ದಸರೆಯೋ!

ಒಂದು ದಿನ ಬೀದರ್ ಕಡೆಯ ನಿವೃತ್ತ ಹವಾಲ್ದಾರರೊಬ್ಬರು ಬಂದರು. ಕೈಯಲ್ಲಿದ್ದದ್ದು ನಿವೃತ್ತಿಯಲ್ಲಿ ಬಂದ ದುಡ್ಡು. ನಾನೂ ಸೇನೆಯವನೆಂದು ತಿಳಿದದ್ದೇ ತಡ, 'ಸಾಹೇಬ್ರ, ನೀವು ಹೇಳಿದ್ರ ಸಾಕ್ರಿ' ಎಂದರು. ಆ ನಂಬಿಕೆಯೇ ನನ್ನನ್ನು ಚುಚ್ಚಿತು.

2016ರ ರೇರಾ ಕಾಯ್ದೆಯನ್ನು ಅವರಿಗೆ ಬಿಡಿಸಿ ಹೇಳಿದೆ. ಒಪ್ಪಂದ ನೋಂದಣಿಯಾಗುವ ಮೊದಲು ಶೇ 10ಕ್ಕಿಂತ ಹೆಚ್ಚು ಕೊಡಬೇಡಿ. ಖರೀದಿದಾರರ ಹಣದಲ್ಲಿ ಶೇ 70 ಪ್ರತ್ಯೇಕ ಖಾತೆಯಲ್ಲಿರಬೇಕು. ತಡವಾದರೆ ಬಡ್ಡಿಸಹಿತ ಹಣ ವಾಪಸ್ ಕೇಳುವ ಹಕ್ಕು ನಿಮ್ಮದು. ಕೊನೆಗೆ ತೆಲಂಗಾಣ ರೇರಾ ಜಾಲತಾಣದಲ್ಲಿ ನಮ್ಮ ಯೋಜನೆ ಮುಗಿಯುವ ದಿನಾಂಕ ತೋರಿಸಿದೆ. ನಮ್ಮ ಕರಪತ್ರದಲ್ಲಿದ್ದ ದಿನಾಂಕಕ್ಕಿಂತ ಅದು ಒಂದು ವರ್ಷ ಆಚೆಗಿತ್ತು.

ಅವರು ಕೊಳ್ಳಲಿಲ್ಲ, ಕೈಮುಗಿದು ಹೋದರು. ಆ ತಿಂಗಳ ಗುರಿ ತಪ್ಪಿತು, ಮೇಲಿನವರಿಂದ ಮಾತೂ ಕೇಳಬೇಕಾಯಿತು. ಕರಪತ್ರದ ದಿನಾಂಕ ತಿದ್ದಿ ಎಂದು ಬರೆದ ಪತ್ರಕ್ಕೆ ಇನ್ನೂ ಉತ್ತರವಿಲ್ಲ. ಬರುವವರೆಗೂ ನನ್ನ ತಂಡದವರು ಹೇಳುವುದು ರೇರಾ ದಿನಾಂಕವನ್ನೇ.