ಹೆಸರು ಕಾಪಾಡುವುದೂ ಒಂದು ಬೇಸಾಯ

ಓದು ಮುಗಿಸಿದ ನಮ್ಮ ಮನೆಗಳ ಮಕ್ಕಳು ಬೆಂಗಳೂರಿನಲ್ಲಿ 'ಪಿ.ಆರ್.' ಕೆಲಸಕ್ಕೆ ಸೇರಿದ ಸುದ್ದಿ ಈಗ ಆಗಾಗ ಕೇಳಿಬರುತ್ತದೆ. ಅದೇನು ಕೆಲಸವೆಂದು ಹಿರಿಯರು ಕೇಳಿದರೆ, 'ಕಂಪನಿಯ ಹೆಸರು ನೋಡಿಕೊಳ್ಳುವುದು' ಎಂಬ ಉತ್ತರ. ಹೆಸರು ನೋಡಿಕೊಳ್ಳುವುದಕ್ಕೂ ಸಂಬಳವೇ ಎಂದು ನಗುವವರುಂಟು. ಆದರೆ ಕಾಫಿ, ಅಡಿಕೆ ಬೆಳೆಯುವ ನಾವು ನಗುವಂತಿಲ್ಲ. ನಮ್ಮ ಸರಕಿನ ಬೆಲೆಯಲ್ಲಿ ಹೆಸರಿನ ಪಾಲೂ ಇದೆ.

ಪೂಲ್ ಪದ್ಧತಿ ಇದ್ದಾಗ ಈ ಚಿಂತೆ ನಮಗಿರಲಿಲ್ಲ. ಎಲ್ಲರ ಕಾಫಿಯೂ ಕಾಫಿ ಮಂಡಳಿಯ ಪೂಲಿಗೆ ಸೇರುತ್ತಿತ್ತು. ಮಾರುವ ಹೊಣೆಯೂ, ಹೆಸರಿನ ಹೊಣೆಯೂ ಮಂಡಳಿಯದೇ. 1990ರ ದಶಕದಲ್ಲಿ ಆ ಪದ್ಧತಿ ಹೋಯಿತು. ಮಾರುವ ಸ್ವಾತಂತ್ರ್ಯದ ಜೊತೆಗೆ ಹೆಸರಿನ ಹೊಣೆಯೂ ನಮ್ಮ ಹೆಗಲಿಗೇ ಬಂತು.

ಸಾರ್ವಜನಿಕ ಸಂಪರ್ಕವೆಂದರೆ ಜಾಹೀರಾತಲ್ಲ. ಜಾಹೀರಾತಿನಲ್ಲಿ ದುಡ್ಡು ಕೊಟ್ಟು ಜಾಗ ಕೊಳ್ಳುತ್ತೇವೆ, ನಮ್ಮ ಮಾತು ನಾವೇ ಹೇಳುತ್ತೇವೆ. ಸಂಪರ್ಕದಲ್ಲಿ ಗಿರಾಕಿ, ಪತ್ರಿಕೆ, ಸರ್ಕಾರ, ನೆರೆಹೊರೆಯವರು ನಮ್ಮ ಬಗ್ಗೆ ಏನು ತಿಳಿದಿದ್ದಾರೆಂದು ಮೊದಲು ಕೇಳಬೇಕು; ಆಮೇಲೆ ನಿಜಸ್ಥಿತಿಯನ್ನು ಅವರಿಗೆ ತಲುಪಿಸಬೇಕು. ಈ ವೃತ್ತಿಯ ಮೊದಲಿಗರಲ್ಲಿ ಒಬ್ಬನಾದ ಅಮೆರಿಕದ ಐವಿ ಲೀ 1906ರಲ್ಲೇ ಪತ್ರಿಕೆಗಳಿಗೆ ಒಂದು ಪ್ರಕಟಣೆ ಕಳಿಸಿ, ನಮ್ಮದು ಗುಟ್ಟಿನ ಕೆಲಸವಲ್ಲ, ಕೊಡುವ ಮಾಹಿತಿ ಖಚಿತವಾಗಿರುತ್ತದೆ ಎಂದು ಮಾತುಕೊಟ್ಟಿದ್ದ. ವೃತ್ತಿಯವರೆಲ್ಲ ಆ ಮಾತಿಗೆ ನಡೆದುಕೊಂಡಿಲ್ಲ. ಎರಡು ಬೆಳೆಗಳ ಕಥೆ ನೋಡಿದರೆ ಸಾಕು.

ಮೊದಲನೆಯದು ಕೊಲಂಬಿಯಾದ ಕಾಫಿ. ಅಲ್ಲಿನ ಬೆಳೆಗಾರರ ಒಕ್ಕೂಟ ಹುಟ್ಟಿದ್ದು 1927ರಲ್ಲಿ. ಸದಸ್ಯರಲ್ಲಿ ಬಹುಪಾಲು ನಮ್ಮಂತೆಯೇ ಸಣ್ಣ ಹಿಡುವಳಿದಾರರು. 1950ರ ದಶಕದ ಕೊನೆಯಲ್ಲಿ ಒಕ್ಕೂಟ ನ್ಯೂಯಾರ್ಕಿನ ಒಂದು ಸಂಸ್ಥೆಯಿಂದ ಹ್ವಾನ್ ವಾಲ್ಡೆಜ್ ಎಂಬ ಕಲ್ಪಿತ ಬೆಳೆಗಾರನನ್ನು ಸೃಷ್ಟಿಸಿತು: ತಲೆಗೆ ಟೋಪಿ, ಮೀಸೆ, ಪಕ್ಕದಲ್ಲೊಂದು ಹೇಸರಗತ್ತೆ. ಗುಡ್ಡದ ತೋಟದಲ್ಲಿ ಹಣ್ಣನ್ನು ಕೈಯಿಂದ ಆರಿಸಿ ಕೊಯ್ಯುವುದನ್ನು ಅವನ ಮೂಲಕ ಅಮೆರಿಕದ ಮನೆಮನೆಗೆ ತೋರಿಸಿದರು. ಚಿತ್ರ ನಿಂತದ್ದು ಚಂದದಿಂದಲ್ಲ. ಒಕ್ಕೂಟ 1938ರಿಂದಲೇ ಸ್ವಂತ ಸಂಶೋಧನಾ ಕೇಂದ್ರ ನಡೆಸುತ್ತಿತ್ತು, ಬೆಳೆಗಾರನ ಸರಕು ಕೊಳ್ಳುವ ಭರವಸೆ ಕೊಟ್ಟಿತ್ತು, ರಫ್ತಾಗುವ ಕಾಫಿಯ ಗುಣಮಟ್ಟ ನೋಡುತ್ತಿತ್ತು. ಚಿತ್ರ ಹೇಳಿದ್ದನ್ನು ಚೀಲದೊಳಗಿನ ಕಾಫಿಯೂ ಹೇಳಬೇಕಿತ್ತು.

ಎರಡನೆಯದು ಹೊಗೆಸೊಪ್ಪು. ಸಿಗರೇಟಿನಿಂದ ಕ್ಯಾನ್ಸರ್ ಎಂಬ ಸಂಶೋಧನೆ ಹೊರಬಂದಾಗ, 1953ರ ಡಿಸೆಂಬರಿನಲ್ಲಿ ಅಮೆರಿಕದ ಕಂಪನಿಗಳ ಮುಖ್ಯಸ್ಥರು ಸೇರಿ ಒಂದು ದೊಡ್ಡ ಸಂಪರ್ಕ ಸಂಸ್ಥೆಯ ನೆರವು ಪಡೆದರು. 1954ರ ಜನವರಿ 4ರಂದು 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಅವರ ಹೇಳಿಕೆ ಬಂತು: ಇದಿನ್ನೂ ರುಜುವಾತಾಗಿಲ್ಲ, ನಿಮ್ಮ ಆರೋಗ್ಯ ನಮಗೆ ಮುಖ್ಯ. ಅನುಮಾನ ಬಿತ್ತುವ ಈ ಕೆಲಸ ದಶಕಗಳ ಕಾಲ ನಡೆಯಿತು. ಕೊನೆಗೆ 1998ರಲ್ಲಿ 46 ರಾಜ್ಯಗಳ ಜೊತೆ ಭಾರಿ ಮೊತ್ತದ ರಾಜಿಗೆ ಒಪ್ಪಬೇಕಾಯಿತು. 2006ರಲ್ಲಿ ಅಲ್ಲಿನ ನ್ಯಾಯಾಲಯ, ಕಂಪನಿಗಳು ಜನರನ್ನು ವಂಚಿಸಿವೆ ಎಂದು ತೀರ್ಪು ಕೊಟ್ಟಿತು.

ಈ ಎರಡನೆಯ ಕಥೆ ಅಡಿಕೆ ಬೆಳೆಗಾರರಾದ ನಮಗೆ ಹತ್ತಿರದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಹೊಗೆಸೊಪ್ಪು ಬೆರೆಸದ ಕವಳಕ್ಕೂ ಆ ಮಾತು ಅನ್ವಯಿಸುತ್ತದೆ. ಇದೆಲ್ಲ ಪಿತೂರಿ ಎಂದು ಸಭೆಗಳಲ್ಲಿ ಕೂಗಿದರೆ ಚಪ್ಪಾಳೆ ಬಿದ್ದೀತು. ಆದರೆ ಅದು 1954ರ ದಾರಿ. ಅಡಿಕೆಯನ್ನೇ ನಂಬಿದ ಮನೆಗಳೆಷ್ಟು ಎಂದು ನಮಗೆ ಗೊತ್ತು. ಹಾಗೆಂದೇ ಹೇಳುತ್ತೇವೆ: ರುಜುವಾತಿಲ್ಲದ ಔಷಧ ಗುಣಗಳನ್ನು ನಮ್ಮ ಸಂಘದ ಹೆಸರಿನಲ್ಲಿ ಸಾರಬಾರದು. ವರದಿಯನ್ನು ಮರೆಮಾಚಬಾರದು. ಬೆಳೆಗಾರನ ಬದುಕಿನ ಪ್ರಶ್ನೆಯನ್ನು ಸರ್ಕಾರದ ಮುಂದೆ ನೇರವಾಗಿ ಇಟ್ಟು, ಹಾಳೆ ತಟ್ಟೆ, ಚೊಗರಿನ ಬಣ್ಣ, ತೋಟದೊಳಗಿನ ಮೆಣಸು, ಕೋಕೋ ಇವುಗಳಿಗೆ ಬೆಂಬಲ ಕೇಳಬೇಕು. 1973ರಲ್ಲಿ ಅಡಿಕೆಗಾಗಿ ಹುಟ್ಟಿದ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದದ್ದು ನಮ್ಮ ಕಣ್ಣೆದುರಿನ ಉದಾಹರಣೆ.

ಕಾಫಿಗೆ ದಾರಿ ಇನ್ನೂ ಸುಲಭ. ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಅದೇ ವರ್ಷ ಶಿರಸಿ ಅಡಿಕೆಗೂ ದೊರೆಯಿತು. ಗುರುತು ಸರ್ಕಾರ ಕೊಟ್ಟೀತು, ಗೌರವ ಗಿರಾಕಿಯೇ ಕೊಡಬೇಕು. ಹಸಿಗಾಯಿ ಬೆರೆಸಿ ಕೊಯ್ದ ಚೆರಿ, ಸರಿಯಾಗಿ ಒಣಗದ ಪಾರ್ಚ್‌ಮೆಂಟ್, ಹೊರಗಿನ ಅಡಿಕೆ ಸೇರಿಸಿದ ಚೀಲ, ಇವುಗಳಿಂದಾದ ಕೆಟ್ಟ ಹೆಸರು ಒಬ್ಬನಿಗೇ ನಿಲ್ಲುವುದಿಲ್ಲ, ಇಡೀ ಸೀಮೆಗೆ ಅಂಟುತ್ತದೆ.

ಈ ವೃತ್ತಿ ಹಿಡಿಯಬಯಸುವ ಮಕ್ಕಳಿಗೊಂದು ಮಾತು. ನಮ್ಮ ದೇಶದಲ್ಲಿ ಈ ವೃತ್ತಿಯವರ ಸಂಘ 1958ರಿಂದ ಇದೆ. 1965ರಲ್ಲಿ ಆರಂಭವಾದ ದೆಹಲಿಯ ಭಾರತೀಯ ಸಮೂಹ ಸಂವಹನ ಸಂಸ್ಥೆಯಲ್ಲಿ ಇದರ ಶಿಕ್ಷಣ ದೊರೆಯುತ್ತದೆ, ನಮ್ಮ ವಿಶ್ವವಿದ್ಯಾನಿಲಯಗಳ ಪತ್ರಿಕೋದ್ಯಮ ವಿಭಾಗಗಳಲ್ಲೂ ಕಲಿಸುತ್ತಾರೆ. ನಯವಾಗಿ ಮಾತಾಡಲು ಬಂದರೆ ಸಾಲದು. ತಪ್ಪಿಲ್ಲದೆ ಬರೆಯಬೇಕು, ತಾಳ್ಮೆಯಿಂದ ಕೇಳಬೇಕು, ಕೆಟ್ಟ ಸುದ್ದಿಯನ್ನು ಯಜಮಾನನ ಎದುರು ಹೇಳುವ ಧೈರ್ಯ ಬೇಕು.

ಸಂಘದ ಮಟ್ಟದಲ್ಲಿ ಮೂರು ಕೆಲಸ ಆಗಬೇಕೆಂದು ನಮ್ಮ ಅಭಿಪ್ರಾಯ. ಕೊಂಡವರಿಂದ ಬಂದ ದೂರಿಗೆ ವಾರದೊಳಗೆ ಲಿಖಿತ ಉತ್ತರ ಹೋಗಬೇಕು. ಪ್ರತಿ ಲಾಟಿನ ಮಾದರಿಯನ್ನು ಸದಸ್ಯರ ಹೆಸರಿನೊಂದಿಗೆ ತೆಗೆದಿಡಬೇಕು. ಪತ್ರಿಕೆಯವರು ಬಂದರೆ ಅಂಕಿಅಂಶ ಇಟ್ಟುಕೊಂಡು ಮಾತಾಡುವ ಒಬ್ಬರನ್ನು ನೇಮಿಸಬೇಕು. ಇವನ್ನು ಮುಂದಿನ ಸರ್ವಸದಸ್ಯರ ಸಭೆಯ ಮುಂದಿಡುತ್ತೇವೆ. ಒಪ್ಪುವವರೂ ಒಪ್ಪದವರೂ ತಮ್ಮ ಅಭಿಪ್ರಾಯವನ್ನು ಅಷ್ಟರೊಳಗೆ ಬರೆದು ಸಂಘದ ಕಚೇರಿಗೆ ತಲುಪಿಸಬೇಕಾಗಿ ಕೋರುತ್ತೇವೆ.