ತಂತ್ರಾಂಶ ರಚನೆ: ಯಾವ ಕ್ರಮ ಲೇಸು?

ನೀವು ಒಂದು ಗ್ರಂಥಾಲಯಕ್ಕೆ ತಂತ್ರಾಂಶ ಸಿದ್ಧಪಡಿಸಬೇಕಾಗಿದೆ ಎಂದಿಟ್ಟುಕೊಳ್ಳಿ. ಕೆಲಸವನ್ನು ಯಾವ ಕ್ರಮದಲ್ಲಿ ನಡೆಸುತ್ತೀರಿ?

ಒಂದು ಕ್ರಮದಲ್ಲಿ ಅಗತ್ಯಗಳ ಪಟ್ಟಿ, ವಿನ್ಯಾಸ, ಪ್ರೋಗ್ರಾಂ ರಚನೆ, ಪರೀಕ್ಷೆ ಇವು ಒಂದು ಮುಗಿದ ಮೇಲೆ ಇನ್ನೊಂದರಂತೆ ನಡೆಯುತ್ತವೆ. ನೀರು ಮೆಟ್ಟಿಲಿಂದ ಮೆಟ್ಟಿಲಿಗೆ ಧುಮುಕುವಂತಿರುವುದರಿಂದ ಇದಕ್ಕೆ ಜಲಪಾತ ಕ್ರಮವೆಂದು ಹೆಸರು. 1970ರಲ್ಲಿ ಈ ಹಂತಗಳನ್ನು ಚಿತ್ರಿಸಿದ ಅಮೆರಿಕದ ವಿನ್‌ಸ್ಟನ್ ರಾಯ್ಸ್ ಅವರೇ, ಪರೀಕ್ಷೆ ಕೊನೆಯಲ್ಲಿ ಮಾತ್ರ ನಡೆದರೆ ಅಪಾಯವೆಂದು ಎಚ್ಚರಿಸಿದ್ದರು. ಆಗ ಕಂಡ ದೋಷಕ್ಕಾಗಿ ವಿನ್ಯಾಸವನ್ನೇ ಬದಲಿಸಬೇಕಾದೀತು.

ಇನ್ನೊಂದು 'ಅಜೈಲ್' ಕ್ರಮ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದಲ್ಲಿ ಸೇರಿದ 17 ತಜ್ಞರು ಇದರ ಮೂಲ ಆಶಯಗಳನ್ನು ಪ್ರಕಟಿಸಿದರು. ಇಲ್ಲಿ ಕೆಲವು ವಾರಗಳಿಗೊಮ್ಮೆ ಒಂದು ಸಣ್ಣ ಭಾಗವನ್ನು ಬಳಕೆಗೆ ಕೊಟ್ಟು, ಬಳಸಿದವರ ಅಭಿಪ್ರಾಯದಂತೆ ಮುಂದುವರಿಯುತ್ತಾರೆ.

ಆಯ್ಕೆಗೆ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳಿ. ಅಗತ್ಯಗಳು ಮೊದಲೇ ಸ್ಪಷ್ಟವಾಗಿವೆಯೆ? ತಪ್ಪಾದರೆ ತಿದ್ದಲು ಅವಕಾಶವಿದೆಯೆ? ಗ್ರಂಥಪಾಲಕರಿಗೆ ತಮಗೇನು ಬೇಕೆಂಬುದು ಬಳಸಿದಾಗಲೇ ತಿಳಿಯುತ್ತದೆ; ತಪ್ಪನ್ನು ಮರುದಿನ ತಿದ್ದಬಹುದು. ಅಲ್ಲಿ ಅಜೈಲ್ ಲೇಸು.

ಮೇಲೇರಿದ ರಾಕೆಟ್ಟಿಗೆ ಆ ಅವಕಾಶವಿಲ್ಲ. 1996ರ ಜೂನ್ 4ರಂದು ಯೂರೋಪಿನ ಏರಿಯಾನ್-5 ಮೊದಲ ಹಾರಾಟದಲ್ಲೇ, ಸುಮಾರು 40 ಸೆಕೆಂಡುಗಳೊಳಗೆ ನಾಶವಾಯಿತು. ಏರಿಯಾನ್-4ರಿಂದ ತಂದ ತಂತ್ರಾಂಶದಲ್ಲಿ, ವೇಗಕ್ಕೆ ಸಂಬಂಧಿಸಿದ ಒಂದು ಸಂಖ್ಯೆ ಅದಕ್ಕೆ ಮೀಸಲಿದ್ದ 16 ಬಿಟ್‌ಗಳ ಗರಿಷ್ಠ ಮಿತಿಯಾದ 32,767ನ್ನು ಮೀರಿತ್ತು. ಹೊಸ ಪಥದ ಅಂಕಿಗಳಿಂದ ಅದನ್ನು ಪರೀಕ್ಷಿಸಿರಲಿಲ್ಲ. ಇಂಥಲ್ಲಿ ಅಗತ್ಯಗಳನ್ನು ಮೊದಲೇ ಬರೆದು ಖಚಿತಪಡಿಸಿ, ಪ್ರತಿ ಹಂತವನ್ನೂ ಪರಿಶೀಲಿಸಲೇಬೇಕು.

ಯಾವ ಕ್ರಮ ಹಿಡಿದರೂ ಸರಿಯೆ, ಪರೀಕ್ಷೆಯನ್ನು ಮಾತ್ರ ಕೊನೆಗೆ ತಳ್ಳಬೇಡಿ.