ಸಂತಮಸ: ಅಳೆದದ್ದೆಷ್ಟು, ಊಹಿಸಿದ್ದೆಷ್ಟು?

ರಂಗಕಲಾವಿದೆಯರ ಊರೆಂದು ಹೆಸರಾದ ಮರಿಯಮ್ಮನಹಳ್ಳಿಯಲ್ಲಿ ನಾಟಕದ ಪರದೆಯ ಮಹಿಮೆಯನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಬಟ್ಟೆಯ ಮೇಲೆ ಬರೆದ ಕಾಡು ಪ್ರೇಕ್ಷಕರಿಗೆ ಕಾಡೇ. ಅದು ಎಷ್ಟು ಗಜ ಬಟ್ಟೆ ಎಂಬ ಲೆಕ್ಕ ಮಾತ್ರ ಪರದೆ ಕಟ್ಟುವವರಿಗೆ ಗೊತ್ತು. ದೂರದ ನಕ್ಷತ್ರಗಳನ್ನು ಸುತ್ತುವ ಗ್ರಹಗಳಿಗೂ ಹೀಗೆ ಎರಡು ಮುಖಗಳಿವೆ. ಅಳೆದು ತಿಳಿದದ್ದು ಒಂದು, ಊಹಿಸಿ ಬಣ್ಣಿಸಿದ್ದು ಇನ್ನೊಂದು. ಭಾರತ ಹೆಸರಿಟ್ಟ ‘ಸಂತಮಸ’ ಇದಕ್ಕೆ ಒಳ್ಳೆಯ ನಿದರ್ಶನ.

ಚೈತ್ರದ ರಾತ್ರಿ ತುಂಗಭದ್ರಾ ಹಿನ್ನೀರಿನ ದಡದಲ್ಲಿ ನಿಂತು ನೆತ್ತಿಯ ಬಳಿ ಮಖಾ ನಕ್ಷತ್ರವನ್ನು ಗುರುತಿಸಿ. ಅಲ್ಲಿಂದ ತುಸು ದಕ್ಷಿಣಕ್ಕೆ ಸೆಕ್ಸ್‌ಟನ್ಸ್ ಎಂಬ ಮಂಕು ನಕ್ಷತ್ರಪುಂಜವಿದೆ. ಅದರಲ್ಲಿನ ‘ಎಚ್‌ಡಿ 86081’ ನಕ್ಷತ್ರ ಬರಿಗಣ್ಣಿಗೆ ಕಾಣದು. ಅದಿರುವುದು ಸುಮಾರು 340 ಜ್ಯೋತಿರ್ವರ್ಷ ದೂರದಲ್ಲಿ. ಇಂದು ನಮ್ಮನ್ನು ತಲಪುವ ಅದರ ಬೆಳಕು ಹೊರಟಾಗ ಹಂಪಿ ಹಾಳಾಗಿ ನೂರಕ್ಕೂ ಹೆಚ್ಚು ವರ್ಷ ಕಳೆದಿತ್ತು.

2006ರಲ್ಲಿ ಈ ನಕ್ಷತ್ರಕ್ಕೊಂದು ಗ್ರಹವಿರುವುದು ಪತ್ತೆಯಾಯಿತು. ಗ್ರಹವನ್ನು ಯಾರೂ ಕಂಡಿರಲಿಲ್ಲ. ಅದರ ಸೆಳೆತಕ್ಕೆ ಸಿಕ್ಕ ನಕ್ಷತ್ರ ನಮ್ಮತ್ತ ಒಮ್ಮೆ, ಆಚೆಗೆ ಒಮ್ಮೆ ಸೆಕೆಂಡಿಗೆ ಸುಮಾರು 207 ಮೀಟರ್ ವೇಗದಲ್ಲಿ ತೊನೆಯುತ್ತದೆ. ಆಗ ಬೆಳಕಿನ ರೋಹಿತದಲ್ಲಿನ ಗೆರೆಗಳು ಅತ್ತಿತ್ತ ಸರಿಯುತ್ತವೆ. ಈ ಸರಿದಾಟದಿಂದಲೇ ಲೆಕ್ಕ ದೊರೆಯಿತು. ಗ್ರಹದ ಒಂದು ಸುತ್ತಿಗೆ 2 ದಿನ 3 ಗಂಟೆ. ಅಂದರೆ ಅಲ್ಲಿಯ ‘ವರ್ಷ’ ನಮ್ಮ ಒಂದು ವಾರದಲ್ಲಿ ಮೂರು ಸಲ ಮುಗಿಯುತ್ತದೆ. ನಕ್ಷತ್ರದಿಂದ ದೂರ ಸುಮಾರು 52 ಲಕ್ಷ ಕಿ.ಮೀ. (ಬುಧ ಸೂರ್ಯನಿಂದ 5.8 ಕೋಟಿ ಕಿ.ಮೀ. ದೂರದಲ್ಲಿದೆ). ತೂಕ ಗುರುಗ್ರಹದ ಒಂದೂವರೆ ಪಟ್ಟಿಗೆ ಕಡಿಮೆಯಿಲ್ಲ.

ಅಳತೆ ಇಲ್ಲಿಗೆ ನಿಲ್ಲುತ್ತದೆ. ಈ ಗ್ರಹ ನಕ್ಷತ್ರಕ್ಕೆ ಅಡ್ಡ ಹಾದುಹೋಗುವುದು ಕಂಡುಬಂದಿಲ್ಲ. ಹಾಗಾಗಿ ಅದರ ಗಾತ್ರ ಅಳತೆಗೆ ಸಿಕ್ಕಿಲ್ಲ.

ಮುಂದಿನದು ಕಲ್ಪನೆಯ ಪಾಲು. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 2019ರಲ್ಲಿ ನಾನಾ ದೇಶಗಳಿಗೆ ಇಂಥ ಗ್ರಹಗಳಿಗೆ ಹೆಸರಿಡುವ ಅವಕಾಶ ಕೊಟ್ಟಿತು. ಪುಣೆಯ ಶಾಲಾ ವಿದ್ಯಾರ್ಥಿಯೊಬ್ಬ ಸೂಚಿಸಿದ ‘ಸಂತಮಸ’ ಆಯ್ಕೆಯಾಯಿತು. ಮೋಡ ಮುಸುಕಿದ ವಾತಾವರಣವೆಂಬ ಭಾವ ಅದರಲ್ಲಿದೆ. ಅಮರಕೋಶದಲ್ಲಿ ಈ ಪದಕ್ಕೆ ಎಲ್ಲೆಡೆ ಹರಡಿದ ಕತ್ತಲೆ ಎಂದರ್ಥ. ಆದರೆ ಆ ಮೋಡವನ್ನು ಯಾವ ದೂರದರ್ಶಕವೂ ಕಂಡಿಲ್ಲ. ಅಲ್ಲಿ ತೇಲುತ್ತ ನೋಡಿದರೆ ನಕ್ಷತ್ರ ನಮ್ಮ ಸೂರ್ಯನಿಗಿಂತ ಮೂವತ್ತು ಪಟ್ಟಿಗೂ ಅಗಲವಾಗಿ ಕಾಣಬೇಕು. ಇದು ಲೆಕ್ಕದಿಂದ ಹುಟ್ಟಿದ ಚಿತ್ರ. ಒಂದು ಮಗ್ಗುಲಲ್ಲಿ ಸದಾ ಹಗಲು, ಇನ್ನೊಂದರಲ್ಲಿ ಸದಾ ಇರುಳು ಇರಬಹುದು. ಇದು ಇಂಥ ಗ್ರಹಗಳ ಸ್ವಭಾವದಿಂದ ಮಾಡಿದ ಊಹೆ. ಮೋಡ ಹೆಸರಿಗಷ್ಟೇ ಸೇರಿದ್ದು.

ನಕ್ಷತ್ರಕ್ಕೆ ಇಟ್ಟ ಹೆಸರು ‘ಬಿಭಾ’. ಬಂಗಾಳಿಯಲ್ಲಿ ಬೆಳಕಿನ ಕಿರಣ ಎಂದರ್ಥ. ವಿಶ್ವಕಿರಣಗಳ ಸಂಶೋಧಕಿ ಬಿಭಾ ಚೌಧುರಿ (1913–1991) ಅವರ ನೆನಪಿಗೆ ಅದು. ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ನಡೆದ ಪ್ರಯೋಗಗಳಲ್ಲೂ ಅವರು ಪಾಲ್ಗೊಂಡಿದ್ದರು. ಬದುಕಿದ್ದಾಗ ಸಿಗಬೇಕಾದ ಮನ್ನಣೆ ಅವರಿಗೆ ಸಿಗಲಿಲ್ಲ.

ಕಣ್ಣಿಗೆ ಕಾಣದ ಕಣಗಳನ್ನು ಛಾಯಾಫಲಕದ ಮೇಲಿನ ಗೆರೆಗಳಿಂದ ಅಳೆದವರು ಅವರು. ಅವರ ಹೆಸರಿನ ನಕ್ಷತ್ರದ ಬಳಿ, ಕಾಣದ ಗ್ರಹವೊಂದು ಬೆಳಕಿನ ಗೆರೆಗಳ ಕದಲಿಕೆಯಿಂದಲೇ ಗುರುತು ಸಿಕ್ಕಿ ಸುತ್ತುತ್ತಿದೆ. ಪರದೆಯ ಕಾಡನ್ನು ಸವಿಯೋಣ. ಬಟ್ಟೆ ಎಷ್ಟು ಗಜ ಎಂಬುದನ್ನೂ ಮರೆಯದಿರೋಣ.